ಇಪ್ಪತ್ನಾಲ್ಕು ಗಂಟೆಯ ಜ್ವರ

ಮಗಳಿಗೆ ಒಂಬತ್ತು ವರ್ಷವಿದ್ದಾಗ, ಇಲ್ಲದ ಜ್ವರವನ್ನು ಇದೆಯೆಂದು ಬರೆಸಿ ಅವಳನ್ನು ನರ್ಸಿಂಗ್ ಹೋಮಿನಲ್ಲಿ ಮಲಗಿಸಿದ್ದೆ. ಇದನ್ನು ಬರೆಯುವಾಗ ನನಗೆ ನಾಚಿಕೆಯಾಗಬೇಕು. ಆಗುತ್ತದೆ. ಆದರೆ ನಾಚಿಕೆಗಿಂತ ಮುಂಚೆ ಸಿಟ್ಟು ಬರುತ್ತದೆ, ಇಷ್ಟು ವರ್ಷಗಳಾದ ಮೇಲೂ.

ಎರಡು ಸಾವಿರದ ಇಸವಿ ದಾಟಿ ನಾಲ್ಕೈದು ವರ್ಷವಾಗಿತ್ತು. ನಾವು ಗದಗಿನ ಕಡೆಯವರು, ಬಿಟಿಎಂ ಲೇಔಟಿನಲ್ಲಿ ಎರಡನೇ ಮಹಡಿಯ ಬಾಡಿಗೆ ಮನೆಯಲ್ಲಿದ್ದೆವು. ಗಂಡನಿಗೆ ಬೊಮ್ಮಸಂದ್ರದ ಕಾರ್ಖಾನೆಯೊಂದರಲ್ಲಿ ಪಾಳಿ ಕೆಲಸ, ನನಗೆ ಜೆ.ಪಿ. ನಗರದ ಒಂದು ಕಂಪನಿಯಲ್ಲಿ ಬಂದವರನ್ನು ಕೂರಿಸಿ ಫೋನ್ ಎತ್ತುವ ಕೆಲಸ. ಇರುವವಳು ಒಬ್ಬಳೇ ಮಗಳು, ನಾಲ್ಕನೇ ಕ್ಲಾಸು. ಬೆಳಿಗ್ಗೆ ಎರಡು ಕಾಲುಚೀಲ ಹಾಕಿ ಕಳಿಸಿದರೆ ಸಂಜೆ ಒಂದರಲ್ಲಿ ಬರುತ್ತಿದ್ದಳು. ಲೆಕ್ಕ ಚೆನ್ನಾಗಿ ಬರುತ್ತಿತ್ತು, ಆದರೆ ಮೂರನೇ ಲೆಕ್ಕದ ಹೊತ್ತಿಗೆ ಕಿಟಕಿಯ ಹತ್ತಿರ ಇರುತ್ತಿದ್ದಳು. ಪ್ರಾರ್ಥನೆಯ ಸಾಲಿನಲ್ಲಿ ನಿಂತು, ಎಲ್ಲರಿಗೂ ಕೇಳುವ ಹಾಗೆ, ಹೆಡ್ ಮಿಸ್ಸಿಗೆ ಅವರ ಸೆರಗಿನಲ್ಲಿ ಚಟ್ನಿ ಇದೆ ಎಂದು ಹೇಳಿದ್ದಳು. ಚಟ್ನಿ ಇತ್ತಂತೆ. ಆದರೂ ನನ್ನನ್ನು ಕರೆಸಿದರು. ಮಾರ್ಚ್ ಪರೀಕ್ಷೆಯೊಳಗೆ ಹುಡುಗಿ ದಾರಿಗೆ ಬರದಿದ್ದರೆ ಐದನೇ ಕ್ಲಾಸಿಗೆ ಬೇರೆ ಶಾಲೆ ನೋಡಿಕೊಳ್ಳಿ ಎಂದರು.

ತ್ಯಾಗರಾಜನಗರದಲ್ಲಿ ಮನೆಯ ಮುಂದಿನ ಕೋಣೆಯನ್ನೇ ಕ್ಲಿನಿಕ್ ಮಾಡಿಕೊಂಡಿದ್ದ ಒಬ್ಬ ಮಕ್ಕಳ ಮನೋರೋಗದ ಡಾಕ್ಟರಮ್ಮ ಇದ್ದರು, ಅವರಲ್ಲಿಗೆ ಕರೆದುಕೊಂಡು ಹೋದೆವು. ಅವರು ಮಗಳ ಜೊತೆ ಎರಡು ಸಲ ಗಂಟೆಗಟ್ಟಲೆ ಕೂತು, ಆಮೇಲೆ ನಮ್ಮಿಬ್ಬರನ್ನೂ ಕೂರಿಸಿಕೊಂಡು, ಇದಕ್ಕೆ ಎಡಿಎಚ್‌ಡಿ ಅಂತಾರೆ ಎಂದರು. ಹಟ ಅಲ್ಲ, ಸೋಮಾರಿತನ ಅಲ್ಲ, ನಾವು ಬೆಳೆಸಿದ್ದರಲ್ಲಿ ತಪ್ಪಿಲ್ಲ ಎಂದರು.

"ತಡ್ಕೊಳೋದು ಅನ್ನೋದು ಇವಳ ಕೈಲಿಲ್ಲ ಮೇಡಂ. ಮನಸ್ಸಿಗೆ ಬಂದಿದ್ದು ಆಗ್ಲೇ ಬಾಯಿಗೂ ಬಂದ್ಬಿಡತ್ತೆ. ಬೈದ್ರೆ ಹೋಗಲ್ಲ. ಮಾತ್ರೆ ಸಹಾಯ ಮಾಡತ್ತೆ, ಜೊತೆಗೆ ವಾರಕ್ಕೊಂದ್ಸಲ ಕರ್ಕೊಂಬನ್ನಿ, ಅಭ್ಯಾಸ ಮಾಡಿಸೋಣ" ಎಂದರು.

ಮೊದಲ ತಿಂಗಳು ಹೇಗೋ ಹೊಂದಿಸಿದೆವು. ಎರಡನೇ ವಾರದ ಕೊನೆಗೆ ಅವಳ ನೋಟ್‌ಬುಕ್ಕಿನಲ್ಲಿ ಮೊದಲ ಸಲ ಇಡೀ ಪಾಠ ಇಳಿದಿತ್ತು, ತಲೆಬರಹದಿಂದ ಕೊನೆಯ ಪ್ರಶ್ನೆಯವರೆಗೆ. ಅದನ್ನು ನನ್ನ ಮುಂದೆ ಹಿಡಿದು, "ಅಮ್ಮ, ಮಿಸ್ ದಿನಾ ಇಷ್ಟೊಂದು ಬರೀತಾರಾ ಬೋರ್ಡ್ ಮೇಲೆ?" ಎಂದು ಕೇಳಿದಳು. ನಾಲ್ಕು ವರ್ಷ ಶಾಲೆಗೆ ಹೋದ ಹುಡುಗಿ ಅದನ್ನು ಆವತ್ತು ಕಂಡುಕೊಂಡಿದ್ದಳು. ನಾನು ಅಡುಗೆಮನೆಗೆ ಹೋಗಿ ಅತ್ತೆ.

ಆ ತಿಂಗಳು ಮುಗಿಯುತ್ತಿದ್ದಂತೆ ಗಂಡನ ಓವರ್‌ಟೈಮ್ ನಿಂತಿತು. ಮಾತ್ರೆ ಮತ್ತು ಡಾಕ್ಟರ ಫೀಸು ಸೇರಿದರೆ ಮನೆ ಬಾಡಿಗೆಯ ಹತ್ತಿರಕ್ಕೆ ಬರುತ್ತಿತ್ತು. ಆ ಮಾತ್ರೆ ಇಡುತ್ತಿದ್ದುದು ನನಗೆ ಗೊತ್ತಿದ್ದಂತೆ ಜಯನಗರದ ಒಂದೇ ಮೆಡಿಕಲ್ ಶಾಪು. ನಶೆಗೆ ನುಂಗುವವರೂ ಇರುತ್ತಾರೆಂದು ಅಲ್ಲಿಯವನು ಚೀಟಿಯನ್ನು ಹಿಂದೆ ಮುಂದೆ ತಿರುಗಿಸಿ, ನನ್ನನ್ನು ಮೇಲಿಂದ ಕೆಳಗೆ ನೋಡಿ, ಮಗುವಿಗೇ ತಾನೇ ಎಂದು ಕೇಳಿಯೇ ಕೊಡುತ್ತಿದ್ದ. ಅದನ್ನೂ ಸಹಿಸಿಕೊಂಡಿದ್ದೆ. ಈಗ ಅವನ ಹತ್ತಿರ ಹೋಗುವ ಹಾಗೂ ಇರಲಿಲ್ಲ. ಮಾತ್ರೆ ನಿಂತಿತು. ಹತ್ತೇ ದಿನಕ್ಕೆ ಶಾಲೆಯ ಡೈರಿಯಲ್ಲಿ ಮಿಸ್ಸಿನ ಕೆಂಪು ಇಂಕು ಮತ್ತೆ ಕಾಣಿಸಿತು.

ನನ್ನ ಹತ್ತಿರ ಆಫೀಸಿನವರು ಕೊಟ್ಟ ಇನ್ಶೂರೆನ್ಸ್ ಕಾರ್ಡಿತ್ತು. ಪ್ಲಾಸ್ಟಿಕ್ಕಿನದು, ಮೂವರ ಹೆಸರೂ ಇದ್ದದ್ದು. ನಮ್ಮ ವಂಶದಲ್ಲಿ ಯಾರೂ ಅಂಥದ್ದನ್ನು ಕಂಡಿರಲಿಲ್ಲ, ಅದು ಬಂದ ದಿನ ಊರಿಗೆ ಫೋನ್ ಮಾಡಿ ಹೇಳಿಕೊಂಡಿದ್ದೆ. ಈಗ ಅದರ ಹಿಂದಿದ್ದ ನಂಬರಿಗೆ ಫೋನ್ ಮಾಡಿದೆ.

"ಪೇಶೆಂಟ್ ಅಡ್ಮಿಟ್ ಆಗಿದಾರಾ ಮೇಡಂ?" ಎಂದಳು ಆ ಕಡೆಯ ಹುಡುಗಿ.

"ಇಲ್ರೀ. ಓಡಾಡಿಕೊಂಡು ಇದ್ದಾಳ. ಅದ ತೊಂದರಿ."

"ಹಾಗಾದ್ರೆ ಬರಲ್ಲ ಮೇಡಂ. ಮಿನಿಮಮ್ ಟ್ವೆಂಟಿಫೋರ್ ಅವರ್ಸ್ ಅಡ್ಮಿಟ್ ಆಗಿರ್ಬೇಕು. ಅಲ್ದೆ ಇದು ಮೆಂಟಲ್ ಕೇಸು, ಅಡ್ಮಿಟ್ ಆದ್ರೂ ಕವರ್ ಆಗಲ್ಲ."

ಮೆಂಟಲ್ ಕೇಸು. ನನ್ನ ಮಗಳ ಬಗ್ಗೆ ಆ ಮಾತನ್ನು ಅವಳು ಬಸ್ಸಿನ ನಂಬರು ಹೇಳಿದಷ್ಟು ಸಲೀಸಾಗಿ ಹೇಳಿದಳು. ಕಾರ್ಡಿನ ಜೊತೆ ಬಂದಿದ್ದ ಪುಸ್ತಕವನ್ನು ತೆಗೆದು ನೋಡಿದೆ. ಏನೇನು ಕೊಡುತ್ತೇವೆ ಎನ್ನುವುದು ದಪ್ಪ ಅಕ್ಷರದಲ್ಲಿ ಮುಂದಿನ ಪುಟದಲ್ಲಿತ್ತು, ಕೊಡದಿರುವುದೆಲ್ಲ ಹಿಂದೆ ಇರುವೆ ಸಾಲಿನ ಹಾಗೆ. ಕಾಲು ಮುರಿದುಕೊಂಡರೆ ಕೊಡುತ್ತಾರೆ. ಅಪೆಂಡಿಕ್ಸ್ ಆದರೆ ಕೊಡುತ್ತಾರೆ. ಕಾಯಿಲೆಯವರು ಹಾಸಿಗೆಯ ಮೇಲೆ ಬಿದ್ದಿರಬೇಕು, ಆಗ ಮಾತ್ರ ಅವರಿಗೆ ನಂಬಿಕೆ. ನನ್ನ ಮಗಳ ಕಾಯಿಲೆಯೇ ಒಂದು ಕಡೆ ಬಿದ್ದಿರಲಾರದ್ದು. ಇದನ್ನು ಯಾವ ಪುಣ್ಯಾತ್ಮ ಕೂತು ಬರೆದನೋ, ಅವನ ಮನೆಯಲ್ಲಿ ಮಕ್ಕಳಿರಲಿಲ್ಲವೇ ಎಂದು ಎಷ್ಟೋ ದಿನ ಪಾತ್ರೆ ತಿಕ್ಕುತ್ತ ಬೈದಿದ್ದೇನೆ.

ಆಫೀಸಿನಲ್ಲಿ ಈ ಕಾರ್ಡುಗಳ ಉಸ್ತುವಾರಿ ನೋಡುತ್ತಿದ್ದ ಒಬ್ಬರು ನನ್ನ ಮುಖ ನೋಡಿ ವಿಷಯ ಕೇಳಿದರು. ಕೇಳಿದ ಮೇಲೆ ಕುರ್ಚಿ ಹತ್ತಿರ ಎಳೆದುಕೊಂಡು ದಾರಿ ತೋರಿಸಿದರು. ಬನಶಂಕರಿಯಲ್ಲಿ ಅವರಿಗೆ ಗೊತ್ತಿರುವ ಒಂದು ನರ್ಸಿಂಗ್ ಹೋಮ್ ಇದೆ. ಮಗುವನ್ನು ಜ್ವರ, ವಾಂತಿ ಎಂದು ಒಂದು ದಿನ ಅಡ್ಮಿಟ್ ಮಾಡುವುದು. ಬಿಲ್ಲಿನಲ್ಲಿ ಇಂಜೆಕ್ಷನ್ನು, ಗ್ಲೂಕೋಸು ಎಂದು ಬರೆದು, ಅದೇ ದುಡ್ಡಿನಲ್ಲಿ ಅವರು ಮೂರು ತಿಂಗಳ ಮಾತ್ರೆ ತರಿಸಿ ಕೊಡುತ್ತಾರೆ. ಮಾರ್ಚ್ ದಾಟಿಬಿಡುತ್ತದೆ.

"ಎಲ್ರೂ ಮಾಡ್ತಾರೆ ಮೇಡಂ. ನೀವೊಬ್ರೇ ಸತ್ಯಸಂಧರಾಗಿ ಏನ್ ಮಾಡ್ತೀರ?" ಎಂದರು. ಗಂಡ ಬೇಡವೆಂದ. ನಾನು ಅವನ ಮಾತು ಕೇಳಲಿಲ್ಲ. ಹಾಗಾದರೆ ಮಾತ್ರೆ ನೀನು ತಂದು ಕೊಡು ಎಂದು ಅವನ ಬಾಯಿ ಮುಚ್ಚಿಸಿದೆ.

ಹಿಂದಿನ ದಿನ ಸಂಜೆ ಮಗಳಿಗೆ ಪಾಠ ಹೇಳಿಕೊಟ್ಟೆ. ಯಾರು ಕೇಳಿದರೂ ನಾಲ್ಕು ದಿನದಿಂದ ಜ್ವರ, ಎರಡು ಸಲ ವಾಂತಿ ಆಯಿತು ಅನ್ನಬೇಕು. ಮಾತ್ರೆಯ ವಿಷಯ ಎತ್ತಬಾರದು. ಹತ್ತು ಸಲ ಹೇಳಿಸಿದೆ, ಹತ್ತು ಸಲವೂ ಸರಿಯಾಗಿ ಹೇಳಿದಳು. ಇದಕ್ಕಿಂತ ದೊಡ್ಡ ದಡ್ಡತನ ನಾನು ಮಾಡಿದ್ದಿಲ್ಲ. ಬಾಯಿಗೆ ಬಂದದ್ದನ್ನು ತಡೆಯಲಾರದ್ದೇ ಅವಳ ಕಾಯಿಲೆ ಎಂದು ಡಾಕ್ಟರಮ್ಮ ಎದುರು ಕೂರಿಸಿಕೊಂಡು ಹೇಳಿದ್ದರು. ಅಂಥ ಮಗುವಿನ ಬಾಯಲ್ಲಿ ಗುಟ್ಟು ಇಟ್ಟೆ.

ನರ್ಸಿಂಗ್ ಹೋಮಿನಲ್ಲಿ ಅವಳ ಕೈಗೆ ಸೂಜಿ ಚುಚ್ಚಿ ಡ್ರಿಪ್ ಹಾಕಿದರು. ಬರೀ ನೋಡುವವರ ಕಣ್ಣಿಗೆ. ಗಟ್ಟಿಮುಟ್ಟಾದ ಮಗು, ಬೆಳಿಗ್ಗೆ ಮೂರು ಇಡ್ಲಿ ತಿಂದು ಬಂದಿತ್ತು. ಸೂಜಿ ಒಳಗೆ ಹೋಗುವಾಗ ನನ್ನ ಸೆರಗು ಹಿಡಿದು ಅತ್ತಳು. ನಾನು ಮೂರು ತಿಂಗಳು, ಮೂರು ತಿಂಗಳು ಎಂದು ಮನಸ್ಸಿನಲ್ಲೇ ಹೇಳಿಕೊಳ್ಳುತ್ತಿದ್ದೆ.

ಮಾರನೇ ದಿನ ಬೆಳಿಗ್ಗೆ ಹನ್ನೊಂದರ ಸುಮಾರಿಗೆ ಇನ್ಶೂರೆನ್ಸ್ ಕಡೆಯಿಂದ ಪರಿಶೀಲನೆಗೆ ಒಬ್ಬ ಬಂದ. ಒಳ್ಳೆಯ ಮನುಷ್ಯನ ಹಾಗಿದ್ದ. ಹಾಸಿಗೆಯ ಪಕ್ಕ ಸ್ಟೂಲ್ ಎಳೆದುಕೊಂಡು, "ಏನ್ ಪುಟ್ಟಿ, ಎಷ್ಟು ದಿನದಿಂದ ಜ್ವರ?" ಎಂದ.

"ನಾಲ್ಕು ದಿನದಿಂದ ಅಂಕಲ್. ಎರಡು ಸಲ ವಾಂತಿ ಆಯ್ತು."

ಅವನು ಕಾಗದದ ಮೇಲೆ ಬರೆದುಕೊಂಡ. ಅಷ್ಟಕ್ಕೆ ಎದ್ದು ಹೋಗಬಹುದಿತ್ತು. ಆದರೆ ಮಾತಿಗೆ ಮಾತು ಸೇರಿಸಿ, ಬೇಜಾರಾಗಲ್ವಾ ಇಲ್ಲಿ ಮಲಗಿ ಮಲಗಿ ಎಂದು ಕೇಳಿದ.

"ಇಲ್ಲ ಅಂಕಲ್, ಇದಕ್ಕೆ ಚಕ್ರ ಇದೆ ನೋಡಿ" ಎಂದು ಡ್ರಿಪ್ ತೂಗುಹಾಕಿದ್ದ ಕಂಬಿಯನ್ನು ಅಲ್ಲಾಡಿಸಿದಳು. "ನಿನ್ನೆ ಇದ್ರ ಮೇಲೆ ನಿಂತ್ಕೊಂಡು ಬಾತ್ರೂಮ್ ತನಕ ಹೋದೆ, ಸಖತ್ ಸ್ಪೀಡು. ನಂಗೆ ಜ್ವರ ಏನೂ ಇಲ್ಲ. ಓದೋಕೆ ಒಂದು ಮಾತ್ರೆ ಇದೆಯಲ್ಲ, ಅದಕ್ಕೋಸ್ಕರ ಬಂದಿದೀವಿ. ಅದನ್ನ ಹೇಳ್ಬಾರ್ದಂತೆ."

ಹೇಳಿದ ಮೇಲೆ ತಾನೇ ಬಾಯಿ ಮುಚ್ಚಿಕೊಂಡಳು, ಸೂಜಿ ಇದ್ದ ಕೈಯಿಂದಲೇ. ಅವನು ಪೆನ್ನಿನ ಮುಚ್ಚಳ ಮತ್ತೆ ತೆಗೆದ. ಆಮೇಲೆ ನನ್ನ ಕಡೆ ತಿರುಗಿ, "ನಂಗೂ ಮಕ್ಳಿದಾರೆ ಮೇಡಂ. ಆದ್ರೆ ನಾನೇನ್ ಮಾಡ್ಲಿ ಹೇಳಿ" ಎಂದು ಬರೆದುದನ್ನು ಹೊಡೆದುಹಾಕಿ ಬೇರೆ ಬರೆದ.

ಇನ್ಶೂರೆನ್ಸಿನವರು ದುಡ್ಡು ಕೊಡುವುದಿಲ್ಲ ಎಂದಾಯಿತು. ನಿನ್ನೆಯವರೆಗೆ ಅಕ್ಕ, ಅಕ್ಕ ಎನ್ನುತ್ತಿದ್ದ ಕೌಂಟರಿನವನು ಬಿಲ್ಲನ್ನು ನನ್ನ ಮುಂದೆ ತಳ್ಳಿದ. ಕೊಡದೇ ಇದ್ದ ಇಂಜೆಕ್ಷನ್ನುಗಳೂ ಅದರಲ್ಲಿ ಹಾಗೇ ಇದ್ದವು. ಆ ತಿಂಗಳ ಸಂಬಳ ಅಲ್ಲೇ ಇಟ್ಟು ಹೊರಗೆ ಬಂದೆ, ಒಂದು ಮಾತ್ರೆಯೂ ಇಲ್ಲದೆ.

ಆಟೋದಲ್ಲಿ ಅವಳು ತೆರೆದ ಬದಿಗೆ ಬಾಗಿ, ಹೋಗಿ ಬರುವ ಬಸ್ಸುಗಳ ನಂಬರು ಓದುತ್ತಿದ್ದಳು. ಏನೂ ಆಗಿಲ್ಲದ ಹಾಗೆ. ನನ್ನ ತಲೆಯಲ್ಲಿ ಫೋನಿನ ಹುಡುಗಿ, ಪುಸ್ತಕ ಬರೆದವನು, ಕೌಂಟರಿನವನು, ಹೆಡ್ ಮಿಸ್ಸು ಎಲ್ಲರೂ ಇದ್ದರು. ಅವರಲ್ಲಿ ಒಬ್ಬರೂ ನನ್ನ ಕೈಗೆ ಸಿಗುವಂತಿರಲಿಲ್ಲ. ಕೈಗೆ ಸಿಕ್ಕವಳು ಇವಳು. ಎಳೆದು ಕೂರಿಸಿ ಕೆನ್ನೆಗೆ ಬಾರಿಸಿದೆ, ಒಂದಲ್ಲ, ಎರಡು.

"ಯಾಕ ಹೇಳಿದಿ? ಹತ್ತು ಸಲ ಹೇಳಿದ್ದಿಲ್ಲೇನು ನಿನಗ? ಒಂದು ದಿನ ಬಾಯಿ ಮುಚ್ಕೊಂಡು ಇರಾಕ ಆಗಂಗಿಲ್ಲೇನು?"

ಆಟೋದವರು ಕನ್ನಡಿಯಲ್ಲಿ ನೋಡಿ ವೇಗ ಕಡಿಮೆ ಮಾಡಿದರು. ಮಗಳು ಅಳಲಿಲ್ಲ. ನಾನು ಕೇಳಿದ್ದು ನಿಜವಾದ ಪ್ರಶ್ನೆ ಎಂದುಕೊಂಡು ಸ್ವಲ್ಪ ಯೋಚಿಸಿದಳು.

"ಮಾತ್ರೆ ತಗೊಂಡಿದ್ರೆ ಹೇಳ್ತಿರ್ಲಿಲ್ಲಮ್ಮ" ಎಂದಳು.

ಅದರಲ್ಲಿ ದೂರು ಇರಲಿಲ್ಲ, ಮೂರು ಮೂರಲ ಒಂಬತ್ತು ಅಂದ ಹಾಗೆ ಅಂದಳು. ಅವಳ ಕೆನ್ನೆಯ ಮೇಲೆ ನನ್ನ ಬೆರಳು ಮೂಡಿದ್ದವು. ಸವರಬೇಕೆಂದು ಕೈ ಎತ್ತಿದೆ. ಓಡುವ ಬಸ್ಸಿಗೂ ಬೀದಿನಾಯಿಗೂ ಹೆದರದ ಹುಡುಗಿ, ಬ್ಯಾಂಡೇಜಿದ್ದ ಕೈಯನ್ನು ಮುಖಕ್ಕೆ ಅಡ್ಡ ಹಿಡಿದಳು.