ಸೀಟಿ ಕೇಳಿ ಕುಳಿತ ನಾಯಿ

ನನ್ನ ತಮ್ಮನ ಬಳಿ ಎರಡು ನಾಯಿಗಳಿದ್ದವು. ಒಂದು ಕಂದು ಬಣ್ಣದ ಸ್ಪ್ಯಾನಿಯಲ್, ಮೊಣಕಾಲೆತ್ತರದ್ದು. ನೀರು ಕುಡಿಯುವಾಗ ಅದರ ಕಿವಿಗಳೂ ಬಟ್ಟಲಿನಲ್ಲಿ ಮುಳುಗುತ್ತಿದ್ದವು. ಇನ್ನೊಂದು ರೇಸಿನಲ್ಲಿ ಓಡಿ ಮುಗಿಸಿದ ಗ್ರೇಹೌಂಡ್. ತಮ್ಮನ ಜೊತೆ ಆಸ್ಪತ್ರೆಯ ಲಾಂಡ್ರಿಯಲ್ಲಿ ಕೆಲಸ ಮಾಡುವವನೊಬ್ಬ ಸಾಕಲಾರದೆ ಕೊಟ್ಟದ್ದು. ಎಜ್‌ವೇರ್ ಎಂಬ ಇಂಗ್ಲಿಷ್ ಊರಿನ ಆ ಸಣ್ಣ ಮನೆಯಲ್ಲಿ ಎರಡೂ ಒಂದೇ ಕಂಬಳಿಯ ಮೇಲೆ ಮಲಗುತ್ತಿದ್ದವು. ತೊಂಬತ್ತರ ದಶಕದ ಕೊನೆಗೆ ನನ್ನ ಗಂಡ ತೀರಿಕೊಂಡರು. ನಾನು ಈಸ್ಟ್ ಹ್ಯಾಮ್‌ನ ಫ್ಲ್ಯಾಟ್ ಬಿಟ್ಟು ತಮ್ಮನ ಮನೆ ಸೇರಿದೆ.

ಮನೆಗಳ ಸಾಲು ಮುಗಿದು ಹೊಲ ಶುರುವಾಗುವಲ್ಲಿ ಒಬ್ಬಾಕೆಯ ಕುದುರೆ ಲಾಯವಿತ್ತು. ಮೊಲಗಳು ತೋಡಿದ ಬಿಲದಲ್ಲಿ ಕುದುರೆಯ ಕಾಲು ಸಿಕ್ಕರೆ ಮುರಿದೇ ಹೋಗುತ್ತದೆಂದು ಆಕೆಗೆ ಭಯ. ಹಾಗಾಗಿ ಭಾನುವಾರ ಬಂದು ಮೊಲ ಹಿಡಿಯಿರಿ ಎಂದು ತಮ್ಮನಿಗೆ ಹೇಳಿದ್ದಳು. ಅವನು ಹೊರಟರೆ ನಾನೂ ಹೊರಡುತ್ತಿದ್ದೆ. ಸೌತ್‌ಹಾಲ್‌ನ ನಮ್ಮವರ ಅಂಗಡಿಯಿಂದ ತಂದ ಜೋಳದ ಹಿಟ್ಟಿನ ರೊಟ್ಟಿ, ಮೊಲದ ಸಾರು ಮಾಡಿದ ದಿನ ನನಗೆ ಊಟ ಸೇರುತ್ತಿತ್ತು. ಉಳಿದ ದಿನ ಸೇರುತ್ತಿರಲಿಲ್ಲ.

ನಮ್ಮದು ಮುಧೋಳದ ಕಡೆಯ ಹಳ್ಳಿ. ಅಪ್ಪ ಬೇಟೆ ನಾಯಿಗಳನ್ನು ಸಾಕಿದ್ದರು. ತಮ್ಮ ಓದಲು ಹೋದ. ನಾನು ಮೂರನೆಯ ಇಯತ್ತೆಗೇ ಶಾಲೆ ಬಿಟ್ಟು ಮರಿಗಳಿಗೆ ಅಂಬಲಿ ಕುಡಿಸುತ್ತ ಬೆಳೆದೆ. ಅಲ್ಲಿ ಗಂಡಸರು ಬಡಿಗೆ ಹಿಡಿದು ಕೂಗುತ್ತ ಮುಳ್ಳುಕಂಟಿ ಬಡಿಯುವರು. ಕಂಟಿಯಿಂದ ಏನು ಹೊರಬಿತ್ತೋ ಅದೇ ಬೇಟೆ. ಕಂಡ ಕೂಡಲೇ ನಾಯಿ ಬಿಡಬೇಕು. ಯೋಚನೆ ಮಾಡಿದವನಿಗೆ ಮೊಲ ಇಲ್ಲ.

ಇಲ್ಲಿ ಕಂಟಿ ಬಡಿಯುವ ಕೆಲಸವನ್ನು ಸ್ಪ್ಯಾನಿಯಲ್ ಮಾಡುತ್ತಿತ್ತು. ಮನುಷ್ಯ ಕೈ ಹಾಕಲಾಗದ ಮುಳ್ಳುಪೊದೆಯೊಳಗೆ ಹೊಟ್ಟೆ ನೆಲಕ್ಕೆ ಹಚ್ಚಿ ನುಗ್ಗುವುದು, ಮೂಸುವುದು, ಮೊಲವನ್ನು ಬಯಲಿಗೆ ಎಬ್ಬಿಸುವುದು. ಮೊಲ ಹೊರಬಿದ್ದ ಕ್ಷಣ ತಮ್ಮ ಸೀಟಿ ಊದುತ್ತಿದ್ದ. ಸೀಟಿ ಕೇಳಿದರೆ ಸ್ಪ್ಯಾನಿಯಲ್ ಇದ್ದಲ್ಲೇ ಕೂರಬೇಕು. ಮುಂದಿನ ಓಟವೆಲ್ಲ ಗ್ರೇಹೌಂಡಿನದು. ಒಂದರ ದಾರಿಗೆ ಇನ್ನೊಂದು ಬರಬಾರದು. ಇದನ್ನು ಕಲಿಸಲು ಅವನು ಒಂದು ಇಡೀ ಚಳಿಗಾಲ ಮನೆಯ ಹಿಂದಿನ ಗಾರ್ಡನ್ನಿನಲ್ಲಿ ಒದ್ದಾಡಿದ್ದ.

ಗ್ರೇಹೌಂಡನ್ನು ಹಿಡಿದು ಪೊದೆಯ ಹೊರಗೆ ನಿಲ್ಲುವುದು ನನ್ನ ಕೆಲಸ.

"ಅಕ್ಕಾ, ಮೊಲ ಪೂರಾ ಬಯಲಿಗೆ ಬರೂತನಕ ಬಿಡಬ್ಯಾಡ. ಆ ಸಣ್ಣದು ಕೂತದ್ದು ನೋಡಿ ಬಿಡು" ಎಂದು ಅವನು ಪ್ರತಿ ಸಲವೂ ಹೇಳುತ್ತಿದ್ದ.

"ನನಗ ಕಲಸ್ತೀಯೇನೋ? ನೀ ಚಡ್ಡಿ ಹಾಕ್ಕೊಳ್ಳೂದು ಕಲಿಯೂಕಿಂತ ಮೊದಲ ನಾಯಿ ಹಿಡದಾಕಿ ನಾನು."

"ಹೌದವಾ ಮಹಾರಾಣಿ. ಆದ್ರ ಇದು ಮುಧೋಳ ಅಲ್ಲ."

"ನಾಯಿ ಎಲ್ಲಿದ್ರೂ ನಾಯೀನ. ನಿನ್ನ ಆ ಉದ್ದಗಿವಿದು ನಾಯಿ ಹೌದೋ ಅಲ್ಲೋ, ಅದೊಂದ ನನಗ ಸಂಶೆ."

ಅವನು ನಗುತ್ತಿದ್ದ. ಸ್ಪ್ಯಾನಿಯಲ್ಲನ್ನು ನಾನು ಎಷ್ಟು ಆಡಿಕೊಂಡರೂ ಅವನಿಗೆ ಸಿಟ್ಟು ಬರುತ್ತಿರಲಿಲ್ಲ.

ಆ ಭಾನುವಾರ ಹುಲ್ಲಿನ ಮೇಲೆ ಇಬ್ಬನಿ ಇನ್ನೂ ಬೆಳ್ಳಗಿತ್ತು. ಎರಡು ಮೊಲಗಳು ಆಗಲೇ ತಪ್ಪಿಸಿಕೊಂಡಿದ್ದವು. ನಾನು ಬಿಡುವುದು ತಡವಾಯಿತೆಂದು ನನಗೆ ನನ್ನ ಮೇಲೆಯೇ ಸಿಟ್ಟು. ತಮ್ಮ ಪೊದೆಯ ಆಚೆ ಬದಿಗೆ ಹೋದ. ಪೊದೆ ನಮ್ಮಿಬ್ಬರಿಗಿಂತ ಎತ್ತರ. ನನಗೆ ಅವನು, ಅವನಿಗೆ ನಾನು ಕಾಣುತ್ತಿರಲಿಲ್ಲ. ಒಳಗೆ ಎಲೆ ಸರಬರ ಎಂದಿತು. ಗ್ರೇಹೌಂಡಿನ ಮೈಯೆಲ್ಲ ನಡುಗಿ ಬಿಗಿಯಾಯಿತು. ನನ್ನ ಬದಿಯ ಮುಳ್ಳಿನ ಬುಡದಲ್ಲಿ ಕಂದು ಬೆನ್ನೊಂದು ಹೊರಬಂತು. ನಾನು ಗ್ರೇಹೌಂಡಿನ ಪಟ್ಟಿ ಕಳಚಿಬಿಟ್ಟೆ.

ಅದೇ ಗಳಿಗೆಗೆ ಆಚೆ ಬದಿಯಲ್ಲಿ ಸೀಟಿ ಕೇಳಿಸಿತು. ಮೊಲ ಆ ಕಡೆಗೆ ಹೊರಬಿದ್ದಿತ್ತು. ನಾನು ಕಂಡದ್ದು ಸ್ಪ್ಯಾನಿಯಲ್ಲಿನ ಬೆನ್ನು. ಸೀಟಿ ಕೇಳಿ ಅದು ಕಲಿತದ್ದನ್ನೇ ಮಾಡಿತು. ಬಯಲಿನ ಅಂಚಿನಲ್ಲಿ, ನೆಟ್ಟಗೆ, ತಲೆ ಎತ್ತಿ ಕುಳಿತಿತು. ಹಾಗೆ ಕೂರದೆ ಒಂದು ಹೆಜ್ಜೆ ಪಕ್ಕಕ್ಕೆ ಸರಿದಿದ್ದರೂ ಸಾಕಿತ್ತು. ಗ್ರೇಹೌಂಡ್ ಪೂರ್ತಿ ವೇಗದಲ್ಲಿತ್ತು, ಅದಕ್ಕೆ ತಿರುಗಲಾಗಲಿಲ್ಲ, ನೇರ ಹೋಗಿ ಬಡಿಯಿತು.

ತಮ್ಮ ಪೊದೆ ಸುತ್ತಿ ಓಡಿ ಬರುವಷ್ಟರಲ್ಲಿ ಸ್ಪ್ಯಾನಿಯಲ್ಲಿನ ಕುತ್ತಿಗೆ ಮುರಿದು ವಾಲಿತ್ತು. ಗ್ರೇಹೌಂಡ್ ಕುಂಟುತ್ತ ಬಂದು ಅದರ ಮೂತಿ ನೆಕ್ಕುತ್ತಿತ್ತು. ಅವನು ಒದ್ದೆ ಹುಲ್ಲಿನಲ್ಲಿ ಮಂಡಿಯೂರಿ ಆ ಉದ್ದ ಕಿವಿಯನ್ನು ಕೈಯಲ್ಲಿ ಹಿಡಿದುಕೊಂಡ. ತಲೆ ಎತ್ತದೆಯೇ ಕೇಳಿದ:

"ಈ ಕಡೆನೂ ಮೊಲ ಬಂದಿತ್ತೇನಕ್ಕ? ಇದು ಅದರ ಹಿಂದ ಓಡಿತೇನು? ನಾ ಸೀಟಿ ತಡಾ ಊದಿದ್ನೇನು?"

"ಹೂಂ" ಎಂದೆ.

ಅಷ್ಟೇ ನಾನು ಹೇಳಿದ್ದು. ಸುಳ್ಳು ಹೇಳಬೇಕೆಂದು ಯೋಚಿಸಿ ಹೇಳಲಿಲ್ಲ. ಅವನೇ ಒಂದು ಬಾಗಿಲು ತೆಗೆದ, ನಾನು ಅದರಲ್ಲಿ ನುಸುಳಿಕೊಂಡೆ. ನಾಯಿಯ ವಿಷಯದಲ್ಲಿ ನನಗೆ ತಪ್ಪಾಗುತ್ತದೆ ಎಂದು ಅವನ ಮುಂದೆ ಒಪ್ಪಿಕೊಳ್ಳುವುದು ನನ್ನಿಂದ ಆಗಲಿಲ್ಲ. ಬೇರೆ ಯಾವ ವಿದ್ಯೆಯೂ ನನಗೆ ಬರುತ್ತಿರಲಿಲ್ಲ.

ಅವನು ಗ್ರೇಹೌಂಡನ್ನು ಲಾಯದಾಕೆಗೆ ಕೊಟ್ಟುಬಿಟ್ಟ. ಬೇಟೆಯ ಮಾತು ನಿಂತಿತು. ಕೆಲವು ವರ್ಷಗಳ ನಂತರ, ಬೇಟೆಯ ಕಾಲಕ್ಕೆ ತೊಟ್ಟಿಲಲ್ಲಿದ್ದ ಅವನ ಮಗಳು ನಾಯಿ ಬೇಕೆಂದು ಹಟ ಹಿಡಿದಳು. ನಾವು ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಇಂಗ್ಲಿಷಿನಲ್ಲೇ ಉತ್ತರ ಕೊಡುವ ಹುಡುಗಿ.

"ಪ್ಲೀಸ್ ಡ್ಯಾಡ್, ಐ'ಲ್ ವಾಕ್ ಇಟ್ ಎವ್ರಿ ಡೇ."

"ಬ್ಯಾಡ ಪುಟ್ಟಿ. ನಿಮ್ಮಪ್ಪನ ಸೀಟಿ ತಡಾ. ನಂಬಿದ ಜೀವ ಒಂದನ್ನ ನಾ ಕೊಂದೇನಿ. ಇನ್ನೊಂದು ತರೂದಿಲ್ಲ."

ಅವಳು ಅಳುತ್ತ ಮೇಲಿನ ಕೋಣೆಗೆ ಹೋದಳು. ನಾನು ಅಲ್ಲೇ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದೆ. ಬಡಿಯುವುದನ್ನು ನಿಲ್ಲಿಸಲಿಲ್ಲ. ಮರುವರ್ಷವೂ ಅವಳು ಕೇಳಿದಳು, ಅವನು ಅದೇ ಮಾತು ಹೇಳಿದ, ನಾನು ಮತ್ತೆ ರೊಟ್ಟಿ ಬಡಿಯುತ್ತಲೇ ಇದ್ದೆ. ಆಮೇಲೆ ಅವಳು ಕೇಳುವುದನ್ನು ಬಿಟ್ಟಳು.

ಅವಳು ಕಾಲೇಜಿಗೆಂದು ಮನೆ ಬಿಟ್ಟ ವಾರ ಮನೆ ಬಿಕೋ ಎನ್ನುತ್ತಿತ್ತು. ಒಂದು ಮಧ್ಯಾಹ್ನ ತಮ್ಮ ಪಾತ್ರೆ ತೊಳೆಯುತ್ತಿದ್ದ, ನಾನು ಒರೆಸುತ್ತಿದ್ದೆ. ಹೇಳಿಬಿಟ್ಟೆ. ಎಲ್ಲವನ್ನೂ ಹೇಳಿದೆ.

ಅವನು ನಲ್ಲಿ ನಿಲ್ಲಿಸಿದ.

"ಹಂಗಂದ್ರ ಅದು ಕೂತಿತ್ತಾ?"

"ಕೂತಿತ್ತು."

"ಸೀಟಿ ಕೇಳಿದ ಕೂಡಲೇ?"

"ಕೂಡಲೇ."

ಅವನ ಮುಖದಲ್ಲಿ ಸಣ್ಣದೊಂದು ನಗು ಬಂತು. ತಾನು ಕಲಿಸಿದ್ದನ್ನು ಅದು ತಪ್ಪದೆ ಮಾಡಿತ್ತಲ್ಲ! ಆ ನಗು ಹೆಚ್ಚು ಹೊತ್ತು ನಿಲ್ಲಲಿಲ್ಲ.

"ನಾಯಿದು ಬಿಡಕ್ಕ. ಅದು ಯಾರ ಕೈಯಾಗಾದ್ರೂ ಆಗ್ತಿತ್ತು. ಆದ್ರ ಆ ಕೂಸು ಕೇಳುವಾಗ ನೀ ಇಲ್ಲೇ ನಿಂತಿದ್ದಿ. ಎರಡು ಸಲ. ಯಾಕ ಸುಮ್ಮನಿದ್ದಿ?"

ನಾನು ಒರೆಸಿದ ತಟ್ಟೆಯನ್ನೇ ಮತ್ತೆ ಒರೆಸಿದೆ. ಅವನು ಕೈ ಒರೆಸಿಕೊಂಡು ಹೊರಗೆ ಹೋದ. ಈಗಲೂ ನಾವು ಒಂದೇ ಮನೆಯಲ್ಲಿದ್ದೇವೆ. ಊಟಕ್ಕೆ ಕರೆಯುತ್ತಾನೆ, ಡಾಕ್ಟರ ಹತ್ತಿರ ಕರೆದುಕೊಂಡು ಹೋಗುತ್ತಾನೆ. ಆ ಪ್ರಶ್ನೆಯನ್ನು ಮಾತ್ರ ಅವನು ಮತ್ತೆ ಕೇಳಿಲ್ಲ.