ಉತ್ತರ ಕೊಡದ ಮುನಿಶಾಮಣ್ಣ

ಮುನಿಶಾಮಣ್ಣನವರನ್ನು ಏನು ಕೇಳಿದರೂ ಉತ್ತರ ಬರುತ್ತಿರಲಿಲ್ಲ, ತಿರುಗಿ ಪ್ರಶ್ನೆಯೇ ಬರುತ್ತಿತ್ತು. “ಅಣ್ಣಾ, ಇವತ್ತಿನ ಗೂಡು ಹೆಂಗಿದೆ?” ಅಂದರೆ “ನಿನ್ ಕೈಗೇನನ್ನಿಸ್ತದಮ್ಮ?” ಅನ್ನುವರು. ನನ್ನ ಕೈಗೆ ಅನ್ನಿಸಿದ್ದರೆ ಇವರನ್ನು ಯಾಕೆ ಕೇಳುತ್ತಿದ್ದೆ? ಮೈಯೆಲ್ಲ ಉರಿದುಹೋಗುತ್ತಿತ್ತು.

ಶಿಡ್ಲಘಟ್ಟದ ಹತ್ತಿರದ ನಮ್ಮ ವಿಜಯಪುರದಲ್ಲಿ ನಲವತ್ತು ವರ್ಷ ರೇಷ್ಮೆಗೂಡು ಬೇಯಿಸಿ ನೂಲು ತೆಗೆದವರು. ಮಂಡಿನೋವಿಗೆ ಸೋತು ಅವರು ತಮ್ಮ ಶೆಡ್ಡು ಮುಚ್ಚಿದ ವರ್ಷವೇ ನಾನು ಪಕ್ಕದ ಬೀದಿಯಲ್ಲಿ ನನ್ನದನ್ನು ಶುರುಮಾಡಿದೆ. ಅಂದಿನಿಂದ ದಿನಾ ಬೆಳಿಗ್ಗೆ ಹತ್ತಕ್ಕೆ ಅವರು ನನ್ನ ಶೆಡ್ಡಿಗೆ ಹಾಜರು. ಒಂದು ಲಡಿ ನೂಲು ಎತ್ತಿ, ಮಗುವಿನ ಜ್ವರ ನೋಡುವ ಹಾಗೆ ಕೆನ್ನೆಗೆ ಒತ್ತಿಕೊಂಡು, “ಹ್ಞೂಂ” ಅನ್ನುವರು. ಆ ಹ್ಞೂಂ ಹೊಗಳಿಕೆಯೋ ತೆಗಳಿಕೆಯೋ ಹನ್ನೊಂದು ವರ್ಷವಾದರೂ ನನಗೆ ತಿಳಿಯಲಿಲ್ಲ. ಈಗ ಬೆಂಗಳೂರಿನಲ್ಲಿ ವ್ಯಾಪಾರಕ್ಕೂ ಕೋಚ್ ಇರುತ್ತಾರಂತೆ, ಫೀಸು ತೆಗೆದುಕೊಂಡು ಬಾಯಿತುಂಬ ಹೇಳಿಕೊಡುತ್ತಾರಂತೆ. ನನಗೆ ಸಿಕ್ಕ ಕೋಚು ದಿನಕ್ಕೊಂದು ಲೋಟ ಟೀ ಕುಡಿದು, ಸಕ್ಕರೆ ಕಮ್ಮಿಯಾಯಿತೆಂದು ಮುಖ ಗಂಟಿಕ್ಕಿಕೊಂಡು ಹೋಗುತ್ತಿತ್ತು.

ಎರಡನೇ ವರ್ಷ ಟ್ಯಾಂಕರಿನ ಕಾಟ ಸಾಕಾಗಿ ಶೆಡ್ಡಿನ ಹಿಂದೆ ಬೋರು ಕೊರೆಸಿದೆ. ನೀರು ಬಂದ ಖುಷಿಯಲ್ಲಿ ಬೀದಿಗೆಲ್ಲ ಸಿಹಿ ಹಂಚಿದೆ. ಆಮೇಲೆ ನೂಲು ಪಟಪಟ ಹರಿಯತೊಡಗಿತು. ದೊಡ್ಡಬಳ್ಳಾಪುರದ ನೇಕಾರರು ಎರಡು ಸಲ ವಾಪಸ್ ಕಳಿಸಿ, “ಇನ್ನೊಂದ್ಸಲ ಹಿಂಗಾದ್ರೆ ಬೇರೆ ಕಡೆ ನೋಡ್ಕೊತೀವಿ ಅಕ್ಕಾ” ಅಂದರು. ನನಗಿದ್ದ ದೊಡ್ಡ ಗಿರಾಕಿಗಳೇ ಅವರು. ಗೂಡು ಮಾರಿದ ರೈತನನ್ನು ಬೈದೆ, ನೂಲು ತೆಗೆಯುವ ಹೆಂಗಸರ ಮೇಲೆ ಹಾರಾಡಿದೆ. ಮುನಿಶಾಮಣ್ಣ ಮಾತ್ರ ದಿನಾ ಬಂದು, “ಬೋರು ಕೊರ್ಸಿ ಎಷ್ಟು ದಿನ ಆಯ್ತಮ್ಮ?” ಅನ್ನುವರು. ವಯಸ್ಸಾಯಿತು, ಮರೆವು ಅಂದುಕೊಂಡೆ. ಒಂದು ದಿನ ರೇಗಿ, “ನೆನ್ನೇನೂ ಹೇಳಿದ್ನಲ್ಲಣ್ಣಾ, ಇವತ್ತಿಗೆ ಇಪ್ಪತ್ತು!” ಅಂದವಳು ಹಾಗೇ ನಿಂತುಬಿಟ್ಟೆ. ನೂಲು ಹರಿಯತೊಡಗಿದ್ದೂ ಆವತ್ತಿನಿಂದಲೇ. ಬೋರಿನ ಗಡಸು ನೀರಿನಲ್ಲಿ ಗೂಡು ಸರಿಯಾಗಿ ಬೇಯುತ್ತಲೇ ಇರಲಿಲ್ಲ.

“ಗೊತ್ತಿದ್ದೂ ಬಾಯಿ ಬಿಡ್ಲಿಲ್ವಲ್ಲ ನೀವು! ನನ್ ಶೆಡ್ಡು ಮುಚ್ಚೋಗ್ತಿತ್ತು!” ಎಂದು ಕೂಗಾಡಿದೆ.

“ಹೇಳಿದ್ರೆ ನೀರು ಬದ್ಲಾಯ್ಸ್ತಿದ್ದೆ, ಅಷ್ಟೇಯ. ಈಗ ನೋಡು, ಇನ್ಮೇಲೆ ಏನ್ ಕೆಟ್ರೂ ಇನ್ನೊಬ್ರನ್ನ ಬೈಯಕ್ ಮುಂಚೆ ಒಂದ್ಗಳಿಗೆ ನಿಂತ್ಕೊತೀಯ.”

ಎರಡು ದಿನ ನಾನು ಮಾತು ಬಿಟ್ಟೆ. ಎರಡೂ ದಿನ ಬಂದು ಟೀ ಕುಡಿದು ಹೋದರು.

ಹೋದ ವರ್ಷ ನೂಲು ತೆಗೆಯುವ ಆಟೋಮ್ಯಾಟಿಕ್ ಮಿಷಿನ್ ಹಾಕುವ ಯೋಚನೆ ಬಂತು. ಅದಕ್ಕೆ ನನಗಿದ್ದ ಒಂದೇ ಸೈಟು ಮಾರಬೇಕು. ತಪ್ಪಿದರೆ ಸೈಟೂ ಇಲ್ಲ, ಶೆಡ್ಡೂ ಇಲ್ಲ. ಅಷ್ಟೊತ್ತಿಗೆ ಮುನಿಶಾಮಣ್ಣ ಹಾಸಿಗೆ ಹಿಡಿದಿದ್ದರು. ಹೋಗಿ ಕೇಳಿದೆ. “ಇದೊಂದ್ಸಲ ನೆಟ್ಟಗೆ ಹೇಳ್ಬಿಡಿ ಅಣ್ಣಾ. ಹಾಕ್ಲಾ, ಬೇಡ್ವಾ?”

“ನಂಗೊತ್ತಿಲ್ಲ ಕಣಮ್ಮ. ಆ ಮಿಷಿನ್ನ ನಾನು ಕಣ್ಣಲ್ಲೂ ಕಂಡಿಲ್ಲ. ಶಿಡ್ಲಘಟ್ಟದಲ್ಲಿ ಯಾರೋ ಹಾಕವ್ರಂತೆ. ನೀನೇ ನೋಡ್ಕೊಂಬಂದು ನಂಗೇಳು.”

ಹೋದೆ. ಬೆಳಗಿನಿಂದ ಸಂಜೆವರೆಗೆ ಆ ಮಿಷಿನ್ನಿನ ಮುಂದೆ ನಿಂತು ನೋಡಿದೆ. ವಾಪಸ್ ಬರುವಾಗ ಬಸ್ಸಿನಲ್ಲಿ, ಈ ಮನುಷ್ಯ ಏನೇನು ಕೇಳಿ ಜೀವ ತಿನ್ನಬಹುದೋ ಅದನ್ನೆಲ್ಲ ಬರೆದುಕೊಂಡೆ. ಕರೆಂಟು ಹೋದರೆ? ಸಣ್ಣ ಗೂಡು ಬಂದರೆ? ಎಂಟು ಹೆಂಗಸರಲ್ಲಿ ಎಷ್ಟು ಜನಕ್ಕೆ ಕೆಲಸ ಉಳಿಯುತ್ತೆ? ಒಂದೊಂದಕ್ಕೂ ಉತ್ತರ ಬರೆದೆ. ವಿಜಯಪುರ ಇನ್ನೂ ಸ್ವಲ್ಪ ದೂರವಿದ್ದಾಗ ಅವರ ಸೊಸೆಯ ಫೋನು ಬಂತು.

ನಾನು ಹೋಗುವಷ್ಟರಲ್ಲಿ ಅವರನ್ನು ನಡುಮನೆಯಲ್ಲಿ ಮಲಗಿಸಿ, ತಲೆದೆಸೆಯಲ್ಲಿ ದೀಪ ಹಚ್ಚಿಟ್ಟಿದ್ದರು. ದುಃಖಕ್ಕಿಂತ ಮೊದಲು ಸಿಟ್ಟೇ ಬಂತು, ಒಂದು ಗಂಟೆ ತಡೆಯಬಾರದಿತ್ತೇ ಅಂತ. ತಲೆಯ ಹತ್ತಿರ ಕೂತು, ಯಾರು ಏನಾದರೂ ಅಂದುಕೊಳ್ಳಲಿ ಅಂತ, ಬರೆದದ್ದನ್ನೆಲ್ಲ ಮೆಲ್ಲಗೆ ಓದಿ ಹೇಳಿದೆ. ಕೊನೆಯ ಸಾಲಿಗೆ ಬರುವಷ್ಟರಲ್ಲಿ ಏನು ಮಾಡಬೇಕೆಂದು ನನಗೇ ಗೊತ್ತಾಗಿಬಿಟ್ಟಿತ್ತು.

“ಹಾಕ್ತೀನಿ ಅಣ್ಣಾ,” ಅಂದೆ.