ಅತ್ತೆ ಗುರುತಿಸಿದ ಸ್ಕಾಟ್ಲೆಂಡಿನ ಸುಣ್ಣದ ಗೂಡು

ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಸ್ಕಾಟ್ಲೆಂಡಿನ ಹಳೆಯ ಸುಣ್ಣದ ಗೂಡುಗಳನ್ನು ಹುಡುಕುವ ಸಂಘಕ್ಕೆ ನಾನು ಸೇರಿದ್ದು ನಿಂಬೆಹಣ್ಣು ಎಂದು ತಿಳಿದು.

ಕೊರೊನಾದ ಮೊದಲ ವರ್ಷ ಅದು. ನಾವು ನೆಲೆಸಿರುವ ಪರದೇಶದಲ್ಲಿ, ಸುಬಾಂಗ್ ಜಯಾದ ನಮ್ಮ ಹನ್ನೊಂದನೆಯ ಮಹಡಿಯ ಫ್ಲ್ಯಾಟಿನಿಂದ ಮನೆಗೊಬ್ಬರಂತೆ, ಸಾಮಾನು ತರಲು ಮಾತ್ರ ಕೆಳಗಿಳಿಯಬಹುದಿತ್ತು. ಕ್ಲಾಂಗ್ ಬಂದರಿನಲ್ಲಿ ಸರಕಿನ ಕಾಗದಪತ್ರ ನೋಡುವ ನನ್ನ ಕೆಲಸ ಊಟದ ಮೇಜಿಗೆ ವರ್ಗವಾಗಿತ್ತು. ಗೆಳೆಯರೆಲ್ಲ ಬ್ರೆಡ್ ಮಾಡಲು ಕಲಿತು ಫೋಟೊ ಹಾಕುತ್ತಿದ್ದರು. ಹಿಟ್ಟು ಕೈಗಂಟಿದರೆ ನನಗೆ ಮೈಯೆಲ್ಲ ತುರಿಸುತ್ತದೆ. ಬೇರೆ ಏನಾದರೂ ಹವ್ಯಾಸ ಸಿಕ್ಕೀತೇ ಎಂದು ಇಂಟರ್ನೆಟ್ಟಿನಲ್ಲಿ ಅಲೆಯುತ್ತಿದ್ದಾಗ ಆ ಪ್ರಕಟಣೆ ಕಂಡಿತು: 'ಲೈಮ್ ಕಿಲ್ನ್'ಗಳನ್ನು ಹುಡುಕಲು ಜನ ಬೇಕು, ಮನೆಯಲ್ಲೇ ಕೂತು ಉಪಗ್ರಹದ ಚಿತ್ರ ನೋಡಿದರೆ ಸಾಕು.

ಕಿಲ್ನ್ ಎಂದರೆ ಗೂಡೆಂದು ಗೊತ್ತಿತ್ತು, ಇಂಗ್ಲಿಷಿನ ಲೈಮ್‌ಗೆ ಸುಣ್ಣ ಎಂಬ ಅರ್ಥವೂ ಇದೆಯೆಂದು ಗೊತ್ತಿರಲಿಲ್ಲ. ಲೈಮ್ ಎಂದರೆ ನನ್ನ ಪಾಲಿಗೆ ಇಲ್ಲಿ ಮಾಮಕ್ ಎಂದು ಕರೆಯುವ ಬೀದಿಬದಿಯ ಊಟದಂಗಡಿಯ ಐಸು ತುಂಬಿದ ನಿಂಬೆ ಶರಬತ್ತು. ಆಗ ಅಂಗಡಿಯಲ್ಲಿ ಕೂರುವಂತಿರಲಿಲ್ಲ. ಪ್ಲಾಸ್ಟಿಕ್ ಚೀಲದಲ್ಲಿ ತಪಾವ್, ಅಂದರೆ ಪಾರ್ಸೆಲ್, ಕಟ್ಟಿಸಿಕೊಂಡು ಮನೆಗೆ ತರುವಷ್ಟರಲ್ಲಿ ಐಸು ಕರಗಿ ಅದು ಬೇರೆಯೇ ಪದಾರ್ಥವಾಗಿರುತ್ತಿತ್ತು. ಆ ಕೊರಗಿನಲ್ಲಿದ್ದವನಿಗೆ, ಚಳಿದೇಶದ ಜನ ಪಾಪ ನಿಂಬೆಕಾಯಿಯನ್ನು ಗೂಡಿನಲ್ಲಿಟ್ಟು ಹಣ್ಣು ಮಾಡುತ್ತಿದ್ದರೇನೋ ಅನ್ನಿಸಿತು. ಹೆಸರು ಕೊಟ್ಟೆ. ಗೂಡೊಂದಕ್ಕೆ ಎಷ್ಟು ಹಣ್ಣು ಹಿಡಿಯುತ್ತಿತ್ತು ಎಂದು ಪತ್ರವನ್ನೂ ಬರೆದೆ.

ಉತ್ತರ ಕೊಟ್ಟವರು ಸಂಘದ ಆಂಗಸ್, ಶಾಲೆಯಲ್ಲಿ ಭೂಗೋಳ ಕಲಿಸಿ ನಿವೃತ್ತರಾದವರು. ನಗಲಿಲ್ಲ. ಹಿಂದಿನ ಬೆಂಚಿನ ಹುಡುಗನಿಗೆ ಹೇಳುವ ಸಹನೆಯಿಂದ ವಿವರಿಸಿದರು. ಅಲ್ಲಿನ ಮಣ್ಣು ಹುಳಿ. ಬೆಳೆ ಬರಬೇಕಾದರೆ ಹೊಲಕ್ಕೆ ಸುಣ್ಣ ಹಾಕಬೇಕು. ಅದಕ್ಕಾಗಿ ಹಿಂದಿನವರು ಗುಡ್ಡದ ಇಳಿಜಾರಿಗೆ ಒರಗಿಸಿ ಕಲ್ಲಿನ ಗೂಡು ಕಟ್ಟಿದರು. ಮೇಲಿನಿಂದ ಸುಣ್ಣಕಲ್ಲನ್ನೂ ಕಲ್ಲಿದ್ದಲನ್ನೂ ಒಂದರ ಮೇಲೊಂದು ಹಾಸಿ ತುಂಬುವುದು, ಬೆಂಕಿ ಕೊಡುವುದು, ಬೆಂದ ಸುಣ್ಣವನ್ನು ಕೆಳಗಿನ ಕಮಾನಿನ ಬಾಯಿಯಿಂದ ಎಳೆದುಕೊಳ್ಳುವುದು. ಈಗ ಗೂಡುಗಳು ಕುಸಿದು, ಹುಲ್ಲು ಹೊದ್ದು, ಮಳೆ ಬಂದಾಗ ಕುರಿಗಳು ನಿಲ್ಲುವ ಜಾಗಗಳಾಗಿವೆ. ಮೇಲಿನಿಂದ ನೋಡಿದರೆ ದುಂಡಗಿನ ಗುಳಿ.

ದುಂಡಗೆ ಕಂಡದ್ದನ್ನೆಲ್ಲ ನಾನು ಗುರುತುಹಾಕಿದೆ. ಮೊದಲನೆಯದು ನೀರಿನ ಟ್ಯಾಂಕ್ ಎಂದು ಆಂಗಸ್ ಬರೆದರು. ಎರಡನೆಯದು ದನಗಳಿಗೆ ಹುಲ್ಲು ಹಾಕುವ ಕಬ್ಬಿಣದ ಬಳೆ. ಮೂರನೆಯದರ ಬಗ್ಗೆ ನನಗೆ ಬಹಳ ಭರವಸೆಯಿತ್ತು. ಅದು ಯಾರದೋ ಹಿತ್ತಲಿನಲ್ಲಿ ಮಕ್ಕಳು ಕುಣಿಯಲು ಹಾಕಿದ್ದ ಟ್ರ್ಯಾಂಪೊಲೀನ್. 'ಉತ್ಸಾಹ ಮೆಚ್ಚತಕ್ಕದ್ದು' ಎಂಬ ಮಾತು ಅವರ ಪ್ರತಿ ಪತ್ರದ ಕೊನೆಯಲ್ಲೂ ಇರುತ್ತಿತ್ತು. ನಮ್ಮ ಆಫೀಸಿನಲ್ಲಿ ಯಾರಿಗಾದರೂ ಬಡ್ತಿ ತಪ್ಪಿಸುವಾಗ ಬಳಸುವ ಮಾತೂ ಅದೇ.

ಇಷ್ಟರಲ್ಲಿ ನನ್ನ ಅತ್ತೆಯ ವಿಷಯ ಹೇಳಬೇಕು. ಹೊನ್ನಾವರದ ಕಡೆಯ ಗಿರಿಜಮ್ಮ ಮಗಳ ಮನೆಯಲ್ಲಿ ಎರಡು ತಿಂಗಳು ಇದ್ದುಹೋಗಲು ಬಂದವರು, ವಿಮಾನಗಳೆಲ್ಲ ನಿಂತು ಇಲ್ಲೇ ಉಳಿದಿದ್ದರು. ನನ್ನ ಹೆಂಡತಿ ಸುಮಾ ಕಾಲೇಜಿನ ಪಾಠಗಳನ್ನು ಮಲಗುವ ಕೋಣೆಯಿಂದ ಮಾಡುತ್ತಿದ್ದಳು. ಹಾಗಾಗಿ ಹಗಲಿಡೀ ಹಾಲ್‌ನಲ್ಲಿ ನಾನು ಮತ್ತು ಅತ್ತೆ. ನಮ್ಮಿಬ್ಬರ ನಡುವೆ 'ಕಾಫಿ ಆಯ್ತಾ', 'ಆಯ್ತು' ಎಂಬಷ್ಟು ಸಂಬಂಧವಿತ್ತು. ಅಳಿಯನ ಎದುರಿಗೆ ಅವರಿಗೆ ಸಂಕೋಚ, ಅವರ ಎದುರಿಗೆ ನನಗೆ ಹೆದರಿಕೆ. ಇಬ್ಬರೂ ಅದಕ್ಕೆ ಗೌರವ ಎಂದು ಹೆಸರಿಟ್ಟುಕೊಂಡಿದ್ದೆವು.

ಒಂದು ಮಧ್ಯಾಹ್ನ ನಾನು ನಾಲ್ಕನೆಯ ಗುಳಿಗೆ ಗುರುತು ಹಾಕಲಿದ್ದೆ. ಹಿಂದಿನಿಂದ ದನಿ ಬಂತು.

"ಅದು ಗೂಡಲ್ಲ. ಅದಕ್ಕೆ ಬಾಯಿ ಎಲ್ಲುಂಟು?"

ತಿರುಗಿ ನೋಡಿದೆ. ಗೂಡಿನ ವಿಷಯ ನಾನು ಸುಮಾಗೆ ಹೇಳುವುದನ್ನು ಕೇಳಿಸಿಕೊಂಡಿದ್ದ ಅತ್ತೆ ಕೈಯಲ್ಲಿ ವೀಳ್ಯದೆಲೆ ಹಿಡಿದು ನಿಂತಿದ್ದರು. "ಸುಣ್ಣ ತೆಗೀಲಿಕ್ಕೆ ಬಾಯಿ ಬೇಕಲ್ಲ. ಮೇಲಿಂದ ಹಾಕಿದ್ದನ್ನ ಮೇಲಿಂದ್ಲೇ ತೆಗೀತಾರಾ?" ಎಂದರು. ಆಮೇಲೆ ಗೋಡೆಯ ಕಡೆ ನೋಡುತ್ತ, "ನಮ್ಮಪ್ಪ ಸುಣ್ಣ ಸುಡ್ತಿದ್ದ" ಎಂದರು.

ಮದುವೆಯಾಗಿ ಹದಿನಾಲ್ಕು ವರ್ಷವಾದರೂ ನನಗೆ ಇದು ಗೊತ್ತಿರಲಿಲ್ಲ. ಪಾಠ ಮುಗಿಸಿ ಬಂದ ಸುಮಾಳನ್ನು ಕೇಳಿದರೆ ಅವಳಿಗೂ ಗೊತ್ತಿರಲಿಲ್ಲ.

"ಅಜ್ಜಂದು ವ್ಯಾಪಾರ ಅಂತಿದ್ದೆ ಅಲ್ವಾ ಅಮ್ಮ?"

"ಸುಣ್ಣದ್ದೇ ವ್ಯಾಪಾರ."

"ಇಷ್ಟು ದಿನ ಯಾಕೆ ಹೇಳ್ಲಿಲ್ಲ ನಂಗೆ?"

"ನೀನು ಕೇಳ್ಲಿಲ್ಲ" ಎಂದು ಅತ್ತೆ ಅಡುಗೆಮನೆಗೆ ಹೋದರು. ಸುಮಾ ನನ್ನ ಕಡೆ ತಿರುಗಿ, "ನೀವು ಹುಡುಕ್ತಾ ಇದ್ದಿದ್ದು ಸ್ಕಾಟ್ಲೆಂಡಲ್ಲಿ ಲಾ, ನಮ್ಮನೇಲಿ ಯಾಕೆ ಸಿಗ್ತಿದೆ?" ಎಂದಳು. ಆ 'ಲಾ' ಇಲ್ಲಿನವರ ಮಾತಿನ ಬಾಲ, ಅವಳಿಗೂ ಅಂಟಿಕೊಂಡಿತ್ತು.

ಉಳಿದದ್ದು ಒಂದೊಂದಾಗಿ ಹೊರಬಂತು. ಚಿಕ್ಕಂದಿನಲ್ಲಿ, ಸುಟ್ಟು ಸುಣ್ಣ ಮಾಡುವ ಚಿಪ್ಪನ್ನು ಹೊಳೆದಂಡೆಯಲ್ಲಿ ಆರಿಸುವುದು ಅತ್ತೆಯ ಕೆಲಸವಾಗಿತ್ತು. ಗೂಡಿನ ಹತ್ತಿರ ಓಡಾಡಿ ಕಾಲು ಮೊಣಕಾಲಿನವರೆಗೆ ಬೆಳ್ಳಗಾಗಿರುತ್ತಿತ್ತು. ಶಾಲೆಯಲ್ಲಿ ಮಕ್ಕಳು 'ಸುಣ್ಣದ ಗಿರಿಜೆ' ಎಂದು ಕೂಗುತ್ತಿದ್ದರು. ಮದುವೆ ಮಾತಿಗೆ ಗಂಡಿನವರು ಬಂದ ದಿನ ಅವರಮ್ಮ ಕಾಲು ತಿಕ್ಕಿ ತಿಕ್ಕಿ ತೊಳೆದು, ಅಪ್ಪನದು ವ್ಯಾಪಾರ ಎನ್ನಬೇಕು ಎಂದು ಹೇಳಿಕೊಟ್ಟರು. ಅಂದು ಹೇಳಿದ್ದನ್ನೇ ಅತ್ತೆ ಐವತ್ತು ವರ್ಷ ಹೇಳಿಕೊಂಡು ಬಂದಿದ್ದರು.

ಅಂದಿನಿಂದ ಊಟದ ಮೇಜಿಗೆ ಎರಡನೆಯ ಕುರ್ಚಿ ಬಂತು. ಅತ್ತೆ ಕನ್ನಡಕ ಏರಿಸಿ ಕೂತು, "ಅಲ್ಲ", "ಅಲ್ಲ", "ಇದು ಬಾವಿ", "ಸ್ವಲ್ಪ ದೊಡ್ಡದು ಮಾಡಿ" ಎನ್ನುತ್ತಿದ್ದರು. ವಾರದೊಳಗೆ ಎರಡು ನಿಜವಾದ ಗೂಡು ಸಿಕ್ಕವು. ಆಂಗಸ್ ಅವರ ಪತ್ರದಿಂದ 'ಉತ್ಸಾಹ' ಮಾಯವಾಗಿ 'ಅಭಿನಂದನೆ' ಬಂತು. ಅದನ್ನು ನಾನೇ ಇಟ್ಟುಕೊಳ್ಳಬೇಕೆಂದಿದ್ದೆ. ಎರಡು ದಿನ ಇಟ್ಟುಕೊಂಡೂ ಇದ್ದೆ. ಮೂರನೆಯ ದಿನ ಸುಮಾ ಪತ್ರ ಓದಿಬಿಟ್ಟಳು. ನಿಜ ಬರೆಯಬೇಕಾಯಿತು.

ಆಗ ಆಂಗಸ್ ಒಂದು ಕಷ್ಟ ಹೇಳಿಕೊಂಡರು. ಅವರ ಊರಿನ ಹತ್ತಿರದ ಜಮೀನೊಂದರಲ್ಲಿ ಮುಳ್ಳುಪೊದೆ ಮುಚ್ಚಿದ ಕಲ್ಲಿನ ಗುಪ್ಪೆಯಿದೆ. ಜಮೀನಿನ ರೈತ ಅದನ್ನು ಕಿತ್ತು ಬೇಲಿಗೋಡೆ ರಿಪೇರಿ ಮಾಡುವವನಿದ್ದಾನೆ. ಸಂಘದ ಅರ್ಧ ಜನ ಅದು ಗೂಡು ಎನ್ನುತ್ತಾರೆ, ಉಳಿದ ಅರ್ಧ ಕುರಿದೊಡ್ಡಿ ಎನ್ನುತ್ತಾರೆ. ಗೂಡಾಗಿದ್ದರೆ ಬಿಡುತ್ತೇನೆ, ದೊಡ್ಡಿಗೆಲ್ಲ ಕಾಯುವುದಿಲ್ಲ ಎಂದು ರೈತ ಹೇಳಿದ್ದಾನೆ. ಶನಿವಾರ ಆಂಗಸ್ ಫೋನು ಹಿಡಿದು ಅಲ್ಲಿಗೆ ಹೋಗುತ್ತಾರೆ. ನಿಮ್ಮ ಅತ್ತೆಯವರು ವಿಡಿಯೊದಲ್ಲಿ ನೋಡಬಹುದೇ?

ಅವರಿಗೆ ಬೆಳಿಗ್ಗೆ, ನಮಗೆ ಸಂಜೆ. ಅತ್ತೆ ರೇಷ್ಮೆ ಸೀರೆ ಉಟ್ಟು ಬಂದರು. ಪರದೆಯಲ್ಲಿ ಮೊದಲು ಆಕಾಶ, ಆಮೇಲೆ ಮೂಗು, ಆಮೇಲೆ ಆಂಗಸ್ ಕಂಡರು. ಫೋನನ್ನು ಬೇಲಿಗೆ ಒರಗಿಸಿಟ್ಟು ಕೈ ಮುಗಿದರು. ಅತ್ತೆಯೂ ಕೈ ಮುಗಿದು ನನಗೆ ಹೇಳಿದರು: "ಪೊದೆ ಕಡೀದೆ ಎಂತ ನೋಡ್ಲಿಕ್ಕೆ ಕರ್ದದ್ದು ಇವ್ರು?"

ನಾನು ಅನುವಾದಿಸಿದೆ: "ನಿಮ್ಮನ್ನು ಕಂಡದ್ದು ಬಹಳ ಸಂತೋಷ ಎನ್ನುತ್ತಿದ್ದಾರೆ."

"ಇಳಿಜಾರಿನ ಕೆಳಗಿಂದ ಹೋಗ್ಲಿಕ್ಕೆ ಹೇಳಿ. ಕತ್ತೆ ಹಾಗೆ ಮೇಲೆ ಹತ್ತಿದ್ರೆ ಬಾಯಿ ಹ್ಯಾಗೆ ಕಾಣ್ತದೆ?"

"ಕೆಳಗಿನಿಂದ ಹೋದರೆ ನಿಮ್ಮ ಮೊಣಕಾಲಿಗೆ ಒಳ್ಳೆಯದು ಎನ್ನುತ್ತಾರೆ."

ಆಂಗಸ್ ಕೃತಜ್ಞತೆಯಿಂದ ಕೆಳಗಿಳಿದು ನೇರವಾಗಿ ತುರಿಕೆಗಿಡದೊಳಗೆ ಕಾಲಿಟ್ಟರು. ಸ್ವಲ್ಪ ಹೊತ್ತು ಹುಲ್ಲು, ಬೂಟು, ನನಗೆ ಅನುವಾದ ಬೇಡದ ಎರಡು ಶಬ್ದಗಳು. ಕೊನೆಗೆ ಅವರು ಮುಳ್ಳು ಸರಿಸಿದಾಗ ಕುಸಿದ ಕಲ್ಲುಗಳ ಹಿಂದೆ ಕಮಾನಿನ ಅಂಚೊಂದು ಕಂಡಿತು.

ಅತ್ತೆ ಕುರ್ಚಿಯಲ್ಲಿ ಮುಂದಕ್ಕೆ ಬಂದರು. "ಒಳಗೆ ಕೈ ಹಾಕಿ ಸವರಿ ನೋಡ್ಲಿ. ಬೆಂಕಿ ತಿಂದ ಕಲ್ಲು ಗಾಜಿನ ಹಾಗೆ ನುಣುಪಾಗಿರ್ತದೆ."

ಇದನ್ನು ಇದ್ದಹಾಗೆ ಹೇಳಿದೆ. ಆಂಗಸ್ ಭುಜದವರೆಗೆ ಕೈ ತೂರಿಸಿದರು. ಮುಖ ಬದಲಾಯಿತು. "ನುಣುಪಾಗಿದೆ" ಎಂದರು ಮೆಲ್ಲಗೆ. "ಪಿಂಗಾಣಿ ಬಟ್ಟಲಿನ ಒಳಗಿದ್ದಂತೆ."

ಅತ್ತೆ ಕನ್ನಡಕ ಸರಿಪಡಿಸಿಕೊಂಡರು. ಆಮೇಲೆ ಗಂಭೀರವಾಗಿ, "ಈಗ ಆ ಕಲ್ಲು ನೆಕ್ಲಿಕ್ಕೆ ಹೇಳಿ" ಎಂದರು.

"ಅತ್ತೆ, ಅವರು ದೊಡ್ಡವರು."

"ನೆಕ್ಲಿ."

ಹೇಳಿದೆ. ಎಪ್ಪತ್ತು ದಾಟಿದ ಆ ಮೇಷ್ಟ್ರು ಫೋನನ್ನು ಕಲ್ಲಿಗೊರಗಿಸಿ, ಮೂಗಿನಿಂದ ಜಾರಿದ್ದ ಮಾಸ್ಕನ್ನು ಗದ್ದಕ್ಕೆಳೆದು, ಕೆಳಗುರುಳಿದ್ದ ಕಲ್ಲೊಂದನ್ನು ಎತ್ತಿ ಕರವಸ್ತ್ರದಲ್ಲಿ ಒರೆಸಿ, ನೆಕ್ಕಿದರು. ಇಡೀ ಜಗತ್ತು ಬಾಗಿಲ ಹಿಡಿಕೆ ಮುಟ್ಟಲೂ ಹೆದರುತ್ತಿದ್ದ ಕಾಲದಲ್ಲಿ. ಹಿಂದೆ ನಿಂತಿದ್ದ ಕುರಿಯೊಂದು ಮೇಯುವುದನ್ನು ಬಿಟ್ಟು ನೋಡುತ್ತಿತ್ತು.

"ಮಣ್ಣಿನ ರುಚಿ" ಎಂದರು ಆಂಗಸ್.

ಅತ್ತೆ ತಲೆದೂಗಿದರು. "ಹಾಗಾದ್ರೆ ಗೂಡೇ."

ಸಂಪರ್ಕ ಮುಗಿದ ಮೇಲೆ ರುಚಿಯಿಂದ ಏನು ಗೊತ್ತಾಗುತ್ತದೆ ಎಂದು ಕೇಳಿದೆ. "ಎಂತದೂ ಇಲ್ಲ" ಎಂದರು. "ಹೊಸದಾಗಿ ಕೆಲ್ಸಕ್ಕೆ ಬಂದವ್ರ ಹತ್ರ ಅಪ್ಪ ಗೂಡಿನ ಗೋಡೆ ನೆಕ್ಕಿಸ್ತಿದ್ದ. ಹೇಳಿದ್ದು ಕೇಳ್ತಾರಾ ಅಂತ ನೋಡ್ಲಿಕ್ಕೆ. ಇವ್ರು ಒಳ್ಳೆ ಜನ." ಅವರು ಕಣ್ಣಲ್ಲಿ ನೀರು ಬರುವಷ್ಟು ನಕ್ಕದ್ದನ್ನು ನಾನು ಮೊದಲ ಸಲ ಕಂಡೆ. ನಕ್ಕು ಮುಗಿದ ಮೇಲೂ ಅವರು ಸೆರಗಿನಲ್ಲಿ ಕಣ್ಣು ಒರೆಸುತ್ತಲೇ ಇದ್ದರು. ನಾನು ಕಂಪ್ಯೂಟರ್ ಮುಚ್ಚುವ ನೆಪದಲ್ಲಿ ಆಚೆ ತಿರುಗಿದೆ.

ರೈತ ಮಾತು ಉಳಿಸಿಕೊಂಡ. ಸಂಘದವರು ಪೊದೆ ಕಡಿದು, ಅಲ್ಲೊಂದು ಸಣ್ಣ ಫಲಕ ನೆಡುವುದೆಂದು ನಿರ್ಧರಿಸಿದರು. ಗುರುತಿಸಿದವರ ಹೆಸರನ್ನು ಹೇಗೆ ಬರೆಯಬೇಕು ಎಂದು ಆಂಗಸ್ ಕೇಳಿದರು. ಅತ್ತೆ ಒಂದು ರಾತ್ರಿ ಸಮಯ ತೆಗೆದುಕೊಂಡರು. ಬೆಳಿಗ್ಗೆ ಕಾಫಿ ಲೋಟ ನನ್ನ ಮುಂದಿಟ್ಟು ಹೇಳಿದರು: "ಸುಣ್ಣದ ಸುಬ್ರಾಯನ ಮಗಳು ಗಿರಿಜೆ ಅಂತ ಬರೀಲಿ. ಸುಣ್ಣದ ಅನ್ನೋದು ಬಿಡುದು ಬೇಡ."

ಫಲಕದ ಫೋಟೊ ಬಂದದ್ದು ಮೂರು ತಿಂಗಳ ನಂತರ. ಜೊತೆಗೆ ಆಂಗಸ್ ಬರೆದಿದ್ದರು: ಈ ಗೂಡನ್ನು ಕಟ್ಟಿದವರು ಯಾರು, ಇದರಲ್ಲಿ ಸುಣ್ಣ ಸುಟ್ಟವರು ಯಾರು ಎಂದು ಊರಿನ ಹಳೆಯ ಕಾಗದಗಳಲ್ಲೆಲ್ಲ ಹುಡುಕಿದೆವು, ಒಂದು ಹೆಸರೂ ಸಿಗಲಿಲ್ಲ. ಹಾಗಾಗಿ ಫಲಕದ ಮೇಲಿರುವ ಏಕೈಕ ಸುಣ್ಣದವನ ಹೆಸರು ನಿಮ್ಮ ಸುಬ್ರಾಯರದು.

ಅತ್ತೆ ಫೋಟೊವನ್ನು ಹತ್ತಿರ ಹಿಡಿದರು, ದೂರ ಹಿಡಿದರು, ಮತ್ತೆ ಹತ್ತಿರ ಹಿಡಿದರು. ಕೊನೆಗೆ, "ಫಲಕ ಎಡಕ್ಕೆ ವಾಲಿದೆ. ನೆಟ್ಟಗೆ ಮಾಡ್ಲಿಕ್ಕೆ ಹೇಳಿ" ಎಂದರು.

ಅತ್ತೆಗೆ ತುಂಬ ಸಂತೋಷವಾಗಿದೆ ಎಂದು ನಾನು ಆಂಗಸ್‌ಗೆ ಬರೆದೆ. ಆ ವರ್ಷ ನಾನು ಮಾಡಿದ ಅನುವಾದಗಳಲ್ಲೆಲ್ಲ ಅಷ್ಟು ನಿಖರವಾದದ್ದು ಇನ್ನೊಂದಿಲ್ಲ.